ರಣರಂಗದ ವಿದ್ಯೆ ರಸ್ತೆಗೂ ಬರಲಿ

ಮಾನ್ಯರೇ,

ಯುದ್ಧ ನಿಲ್ಲುವವರೆಗೆ ಗಾಯಾಳುಗಳನ್ನು ಕಾಯಿಸದೆ ಕುದುರೆ ಗಾಡಿಯಲ್ಲಿ ಕೂಡಲೇ ಸಾಗಿಸುವ ವ್ಯವಸ್ಥೆಯನ್ನು 1790ರ ದಶಕದಲ್ಲಿ ರೂಪಿಸಿದವರು ಫ್ರೆಂಚ್ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ. ಹುದ್ದೆಯನ್ನಲ್ಲ, ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆ ನೀಡಬೇಕೆಂದವರೂ ಅವರೇ. ರಕ್ತ ಸಂಗ್ರಹಣೆ ಮೊದಲ ಮಹಾಯುದ್ಧದಲ್ಲಿ ಆರಂಭವಾಯಿತು; ಹೆಲಿಕಾಪ್ಟರ್ ಸಾಗಣೆ ಕೊರಿಯಾ ಯುದ್ಧದಲ್ಲಿ ವ್ಯಾಪಕವಾಗಿ ಬಳಕೆಗೆ ಬಂತು. ಅಷ್ಟೊಂದು ಜೀವಗಳ ಬೆಲೆ ತೆತ್ತು ಕಲಿತ ವಿದ್ಯೆ ನಮ್ಮ ಜನಸಾಮಾನ್ಯರನ್ನು ಇನ್ನೂ ತಲುಪದಿರುವುದು ನೋವಿನ ಸಂಗತಿ.

ಇರಾಕ್ ಮತ್ತು ಅಫ್ಗಾನಿಸ್ತಾನದ ಯುದ್ಧಗಳು ಟೂರ್ನಿಕೆ ಎಂಬ ಬಿಗಿಪಟ್ಟಿಯ ಮಹತ್ವವನ್ನು ಮತ್ತೆ ಸಾಬೀತುಪಡಿಸಿದವು. ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ, ಗಾಯಕ್ಕಿಂತ ಎರಡು–ಮೂರು ಅಂಗುಲ ಮೇಲೆ, ಕೀಲಿನ ಮೇಲೆ ಬಾರದಂತೆ ಪಟ್ಟಿ ಸುತ್ತಿ, ರಕ್ತ ನಿಲ್ಲುವವರೆಗೂ ಅದರ ಕಡ್ಡಿಯನ್ನು ತಿರುವಿ ಭದ್ರಪಡಿಸಿ, ಕಟ್ಟಿದ ಸಮಯವನ್ನು ಬರೆದಿಡಬೇಕು. ಸಿಲ್ಕ್ ಬೋರ್ಡ್, ಹೆಬ್ಬಾಳದ ದಟ್ಟಣೆಯಲ್ಲಿ 108 ಆಂಬುಲೆನ್ಸ್ ಸಿಲುಕಿದಾಗ ಗಾಯಾಳುವಿನ ಜೀವ ಪಕ್ಕದಲ್ಲಿರುವವರ ಕೈಯಲ್ಲಿರುತ್ತದೆ. ಬಿಎಂಟಿಸಿ ಸಿಬ್ಬಂದಿ, ಸಂಚಾರ ಪೊಲೀಸರು ಮತ್ತು ಆಟೊ ಚಾಲಕರಿಗೆ ಈ ತರಬೇತಿ ನೀಡಿ, ಮೆಟ್ರೊ ನಿಲ್ದಾಣಗಳಲ್ಲಿ ಇಂಥ ಪಟ್ಟಿಗಳನ್ನು ಇರಿಸಬೇಕು. ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ರಕ್ಷಣೆಯಿದೆ. ಕೇಸಿನ ಭಯಕ್ಕೆ ಯಾರೂ ಹಿಂಜರಿಯದಂತೆ ಈ ವಿಷಯವನ್ನೂ ತರಬೇತಿಯಲ್ಲಿಯೇ ತಿಳಿಸಬೇಕು.

– ಓದುಗ, ಜಯನಗರ, ಬೆಂಗಳೂರು