ಏಳನೇ ತರಗತಿಯ ಹೊಸ ಲಿಪಿ: ಪೋಷಕರಿಗೆ ಪತ್ರ

ಕಾರವಾರ

ಮಾನ್ಯ ಪೋಷಕರೇ,

ಏಳನೇ ತರಗತಿಯ ಮಕ್ಕಳು ತಾವೇ ಕಟ್ಟಿದ ಪುಟ್ಟ ಭಾಷೆಗೆ ಈಗ ಲಿಪಿ ಮಾಡುತ್ತಿದ್ದಾರೆ. ನೋಟ್‌ಬುಕ್ಕಿನ ತುಂಬ ಗುರುತಿಲ್ಲದ ಅಕ್ಷರಗಳು ಕಂಡರೆ ದಯವಿಟ್ಟು ಗದರಬೇಡಿ. ಧ್ವನಿಗಳ ಯಾದಿ ಮುಗಿಯುವ ಮೊದಲೇ ಅಕ್ಷರ ಬಿಡಿಸಲು ಕೂತರೆ ಮಾತ್ರ ತಡೆಯಿರಿ.

ಕನ್ನಡದ ಒಂದೊಂದು ಅಕ್ಷರಕ್ಕೆ ಒಂದೊಂದು ಹೊಸ ಆಕಾರ ಕೂರಿಸಿದರೆ ಆಗುವುದು ಗುಪ್ತಲಿಪಿ. ಮಕ್ಕಳ ಭಾಷೆಯಲ್ಲಿ ಮಹಾಪ್ರಾಣವೇ ಇಲ್ಲ. ಆದರೂ ಅದಕ್ಕಾಗಿ ಹತ್ತು ಅಕ್ಷರ ಸುಮ್ಮನೆ ಉಳಿದುಬಿಡುತ್ತವೆ. ಇರುವ ಧ್ವನಿ ಬಿಟ್ಟುಹೋಗುವುದೂ ಉಂಟು. ಕೊಂಕಣಿ ಮನೆಮಾತಿನವರಿಗೆ ಇದು ಚೆನ್ನಾಗಿ ಗೊತ್ತು: ಬಾಯಿ ಅಗಲಿಸಿ ಹೇಳುವ ಎ, ಒ ಬೇರೆ, ಕಿರಿದಾಗಿಸಿ ಹೇಳುವ ಎ, ಒ ಬೇರೆ. ಕನ್ನಡ ಲಿಪಿಯಲ್ಲಿ ಬರೆದಾಗ ಆ ಭೇದ ಸಾಮಾನ್ಯವಾಗಿ ಕಾಣುವುದಿಲ್ಲ. ಮಗು ತನ್ನ ಪದಗಳನ್ನು ಗಟ್ಟಿಯಾಗಿ ಹೇಳುವಾಗ ಮನೆಯ ಹಿರಿಯರು ಕಿವಿಗೊಟ್ಟು, ಯಾದಿಯಲ್ಲಿ ಇಲ್ಲದ ಧ್ವನಿ ಕೇಳಿಸಿದರೆ ತಿಳಿಸಲಿ.

ಆಮೇಲೆ ಲೆಕ್ಕ. ಈ ಭಾಷೆಗೆ 5 ಸ್ವರ, 14 ವ್ಯಂಜನ. ಧ್ವನಿಗೊಂದು ಅಕ್ಷರವಾದರೆ 19 ಸಾಕು, ಪದಗಳು ಮಾತ್ರ ಉದ್ದವಾಗುತ್ತವೆ. ಕ, ಕಿ, ಕು ಎಲ್ಲಕ್ಕೂ ಸಂಬಂಧವಿಲ್ಲದ ಬೇರೆ ಬೇರೆ ಆಕಾರ ಕೊಟ್ಟರೆ, ಬಿಡಿ ಸ್ವರ ಐದೂ ಸೇರಿ 75 ಬೇಕು. ಇದು ಅತಿಯಲ್ಲ, 1821ರ ಸುಮಾರಿಗೆ ಅಮೆರಿಕದ ಮೂಲನಿವಾಸಿ ಚೆರೋಕಿ ಜನರಿಗಾಗಿ ಅವರವನೇ ಆದ ಸೆಕ್ವೊಯ ರೂಪಿಸಿದ ಇಂಥದ್ದೇ ಲಿಪಿ ಇಂದಿಗೂ 85 ಅಕ್ಷರಗಳಲ್ಲಿ ನಡೆಯುತ್ತಿದೆ. ಕನ್ನಡದಂತೆ ವ್ಯಂಜನದೊಳಗೇ ಅಕಾರ ಇಟ್ಟು, ಉಳಿದ ನಾಲ್ಕು ಸ್ವರಗಳಿಗೆ ಗುಣಿತದ ಚಿಹ್ನೆ ಕೊಟ್ಟರೆ, ಬಿಡಿ ಸ್ವರ ಐದೂ ಸೇರಿ 23. ಹೆಚ್ಚಿನ ಮಕ್ಕಳು ಇದನ್ನೇ ಆರಿಸಿದ್ದಾರೆ, ಎಡವುವುದೂ ಇಲ್ಲೇ: ಅಕಾರವನ್ನು ತೆಗೆಯುವ ಚಿಹ್ನೆ ಮರೆತಿರುತ್ತಾರೆ. ವ್ಯಂಜನದಲ್ಲಿ ಮುಗಿಯುವ ಮೊದಲ ಪದಕ್ಕೇ ಲಿಪಿ ನಿಂತುಹೋಗುತ್ತದೆ.

ಆಕಾರಕ್ಕೆ ಕೊರಿಯಾದ ಹಂಗುಲ್ ಒಳ್ಳೆಯ ಮಾದರಿ. 1443ರಲ್ಲಿ ಸೇಜೊಂಗ್ ರಾಜ ರೂಪಿಸಿದ ಈ ಲಿಪಿಯಲ್ಲಿ ಕ-ಕಾರದ ಗೆರೆ ನಾಲಿಗೆ ಬಾಗುವ ರೀತಿಯನ್ನೇ ತೋರಿಸುತ್ತದೆ. ಅದಕ್ಕೊಂದು ಗೆರೆ ಸೇರಿಸಿದರೆ ಮಹಾಪ್ರಾಣ. ನಂಟಿರುವ ಧ್ವನಿಗೆ ನಂಟಿರುವ ಆಕಾರ, ಸೊಗಸಾದ ಯೋಚನೆ. ಆದರೆ ಪ-ಬ, ತ-ದಗಳನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ಮಾಡಿದರೆ ಓದುವ ಕಣ್ಣು ತಪ್ಪುತ್ತದೆ. ಮೇಲೊಂದು ಸುರುಳಿ, ಕೆಳಗೊಂದು ಬಾಲ, ಇಂಥ ಎದ್ದು ಕಾಣುವ ವ್ಯತ್ಯಾಸ ಇರಲೇಬೇಕು. ಒಂದು ಅಕ್ಷರಕ್ಕೆ ಹೆಚ್ಚೆಂದರೆ ಮೂರು ಗೀಟು, ಪೆನ್ನು ಎತ್ತುವುದು ಎರಡು ಸಲಕ್ಕಿಂತ ಹೆಚ್ಚು ಬೇಡ. ದೊಡ್ಡದಾಗಿ ಬಿಡಿಸಿದಾಗ ಚೆಂದ ಕಂಡದ್ದು ಅರ್ಧ ಸೆಂಟಿಮೀಟರ್ ಎತ್ತರದಲ್ಲಿ, ಅವಸರದಲ್ಲಿ ಬರೆದಾಗ ಕಲಸಿಹೋಗುತ್ತದೆ. ಪ್ರತಿ ಅಕ್ಷರವನ್ನೂ ಹಾಗೆ ಇಪ್ಪತ್ತು ಸಲ ಬರೆಸಿ ನೋಡಿ.

ಚೌಕಗೆರೆಯ ನೋಟ್‌ಬುಕ್ ಒಂದು, ಬಾಲ್ ಪೆನ್ ಒಂದು ಕಳುಹಿಸಿ. ಇಂಕ್ ಪೆನ್ ಬೇಡ. ನಮ್ಮ ಮಳೆಗಾಲದ ಥಂಡಿ ಕಾಗದದಲ್ಲಿ ಶಾಯಿ ಹರಡಿ ಸಣ್ಣ ಸುರುಳಿಗಳು ಮುಚ್ಚಿಹೋಗುತ್ತವೆ.

ಮುಂದಿನ ಶನಿವಾರ ಮಗು ಹತ್ತು ಪದಗಳನ್ನೂ ಅಕ್ಷರಮಾಲೆಯನ್ನೂ ಮನೆಗೆ ತರುತ್ತದೆ. ಮಗುವನ್ನು ಕೇಳದೆ, ಅಕ್ಷರಮಾಲೆ ನೋಡಿಕೊಂಡೇ ಓದಿ. ತಡವರಿಸಿದ ಅಕ್ಷರಕ್ಕೆ ಸುತ್ತು ಹಾಕಿ ಸೋಮವಾರ ಕಳುಹಿಸಿ. ನೀವು ತಿದ್ದಬೇಡಿ, ಮಗುವೇ ತಿದ್ದಲಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯಾಧ್ಯಾಪಕಿ