ನಾಲ್ಕೂವರೆ ತಿಂಗಳ ಪಾಸ್‌ಪೋರ್ಟ್, ನಿಮ್ಮ 'ಓಕೆ ಸರ್'

ಕಲಬುರಗಿ
20-6-2025

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವೆ
ಕ್ರೂಸ್ ಬುಕ್ಕಿಂಗ್ ಕಂಪನಿ, ಮುಂಬೈ

ವಿಷಯ: ಪಾಸ್‌ಪೋರ್ಟ್ ಅವಧಿ ಬಗ್ಗೆ ತಪ್ಪು ಮಾಹಿತಿ, ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಜನವರಿಯಲ್ಲಿ ನಿಮ್ಮ ಕಲಬುರಗಿ ಏಜೆಂಟರ ಮೂಲಕ ನಾನು, ನನ್ನ ಹೆಂಡತಿ, ಅವ್ವ ಮೂವರಿಗೂ ಕ್ರೂಸ್ (ಹಡಗಿನ ಪ್ರವಾಸ) ಬುಕ್ ಮಾಡಿದ್ದೆ. ಮಲೇಷ್ಯಾದ ಪೋರ್ಟ್ ಕ್ಲಾಂಗ್‌ನಿಂದ ಹೊರಟು ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿ ವಾಪಸ್. ಕಟ್ಟಿದ್ದು 1,35,000 ರೂಪಾಯಿ. ವಿಮಾನದ ಟಿಕೆಟ್ ಬೇರೆ.

ಅವ್ವನ ಪಾಸ್‌ಪೋರ್ಟ್ 2025ರ ಅಕ್ಟೋಬರ್ 2ಕ್ಕೆ ಮುಗಿಯುತ್ತಿತ್ತು. ನಿಮ್ಮ ಫಾರ್ಮ್‌ನಲ್ಲಿ ಆ ತಾರೀಖನ್ನೇ ತುಂಬಿದ್ದೇನೆ. ಅಷ್ಟಕ್ಕೇ ಬಿಡದೆ, ಪ್ರಯಾಣ ಮೇ 14ಕ್ಕೆ, ಇದು ನಡೆಯುತ್ತಾ ಎಂದು ವಾಟ್ಸಾಪ್‌ನಲ್ಲೂ ಕೇಳಿದ್ದೆ. 'ವಾಪಸ್ ಬರೋವರೆಗೆ ಇದ್ರೆ ಸಾಕು, ಓಕೆ ಸರ್' ಎಂದು ಉತ್ತರ ಬಂತು. ಜೊತೆಗೆ ಬಂದ ದಾಖಲೆಗಳ ಪಟ್ಟಿಯಲ್ಲಿ 'ಆಧಾರ್ ಅಥವಾ ವೋಟರ್ ಕಾರ್ಡ್' ಎಂದಿತ್ತು. ಅದು ಮುಂಬೈ–ಗೋವಾ ಹಡಗಿನ ಪಟ್ಟಿ! ದೇಶದೊಳಗಿನ ಹಡಗಿಗೆ ಆಧಾರ್ ನಡೆಯುತ್ತದೆ, ಫುಕೆಟ್‌ಗೆ ನಡೆಯುತ್ತಾ?

ಮಲೇಷ್ಯಾಕ್ಕೆ ಕಾಲಿಡುವ ದಿನದಿಂದ ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಇರಬೇಕು. ಇದು ನನಗೆ ಗೊತ್ತಾಗಿದ್ದು ಹೈದರಾಬಾದ್ ಏರ್‌ಪೋರ್ಟ್‌ನ ಕೌಂಟರಿನಲ್ಲಿ. ಮಲೇಷ್ಯಾಕ್ಕೂ ಥಾಯ್ಲೆಂಡಿಗೂ ನಮ್ಮವರಿಗೆ ಆಗ ವೀಸಾ ಬೇಕಿರಲಿಲ್ಲ. ಹಾಗಾಗಿ ಯಾವ ಎಂಬಸಿಯವರೂ ಆ ಪಾಸ್‌ಪೋರ್ಟ್ ತೆರೆದು ನೋಡಿರಲಿಲ್ಲ. ನೋಡಬೇಕಿದ್ದವರು ನೀವೇ.

ಕೌಂಟರಿನ ಹುಡುಗಿ ಪುಟ ತಿರುವಿ, ತಾರೀಖಿನ ಮೇಲೆ ಉಗುರಿಟ್ಟು, ಬೆರಳು ಮಡಚಿ ತಿಂಗಳು ಎಣಿಸಿದಳು. ನಾಲ್ಕಕ್ಕೆ ನಿಂತಳು. ಅವ್ವನಿಗೆ ಅರ್ಥವಾಗಲಿಲ್ಲ. 'ಯವ್ವಾ, ಇನ್ನಾ ಮುಗದೇ ಇಲ್ಲಲ್ಲ ಇದು?' ಎಂದು ಕೇಳಿದರು. ಆ ಹುಡುಗಿಯ ತಪ್ಪೇನೂ ಇಲ್ಲ ಬಿಡಿ. ರಾತ್ರಿಯಿಡೀ ಕಾರಿನಲ್ಲಿ ಬಂದಿದ್ದ ನಾವು, 68 ವರ್ಷದ ಅವ್ವನನ್ನು ಒಬ್ಬರನ್ನೇ ಬಿಟ್ಟು ಹೋಗಲಾಗದೆ ಮೂವರೂ ವಾಪಸ್ ಬಂದೆವು. ಹಡಗಿನಲ್ಲಿ ತಿನ್ನಲೆಂದು ಅವ್ವ ಕಟ್ಟಿಕೊಂಡಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ದಾರಿಯಲ್ಲೇ ಖಾಲಿಯಾಯಿತು.

ಈಗ ನೀವು 'ನೋ ಶೋ', ಅಂದರೆ ನಾವೇ ಬರಲಿಲ್ಲ ಅಂತ ಬರೆದು, ದಾಖಲೆಗಳ ಜವಾಬ್ದಾರಿ ಪ್ರಯಾಣಿಕರದ್ದು ಅಂತೀರಿ. ಒಪ್ಪಿದೆ. ಅದಕ್ಕೇ ಅಲ್ವಾ ನಾಲ್ಕು ತಿಂಗಳು ಮುಂಚೆಯೇ ಕೇಳಿದ್ದು? ಆಗಲೇ 'ಇಲ್ಲ' ಅಂದಿದ್ದರೆ ಇಲ್ಲೇ ಕಲಬುರಗಿಯಲ್ಲಿ 1,500 ರೂಪಾಯಿ ಕಟ್ಟಿ ರಿನ್ಯೂ ಮಾಡಿಸುತ್ತಿದ್ದೆ. ಅರ್ಜೆಂಟ್ ಅಂದರೆ ತತ್ಕಾಲ್‌ಗೆ ಇನ್ನೂ 2,000. ಅಷ್ಟೇ ಖರ್ಚು.

ಕ್ರೂಸ್ ಹಣ ಪೂರ್ತಿ ವಾಪಸ್ ಕೊಡಿ. ವಿಮಾನದ ಟಿಕೆಟಿನಲ್ಲಿ ಹೋದ ಹಣವನ್ನೂ ತುಂಬಿಕೊಡಿ. ಫಾರ್ಮ್, ವಾಟ್ಸಾಪ್ ಮಾತುಕತೆ, ನಿಮ್ಮ ಪಟ್ಟಿ ಎಲ್ಲದರ ಪ್ರತಿ ಲಗತ್ತಿಸಿದ್ದೇನೆ. 15 ದಿನದಲ್ಲಿ ಉತ್ತರ ಬರದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ದೂರು ಕೊಡಬಹುದು. ಮುಂಬೈಗೆ ಬರಬೇಕಿಲ್ಲ. ಇಲ್ಲಿಗೆ ನೀವೇ ಬರಬೇಕಾಗುತ್ತದೆ.

ಇಂತಿ,
ನಿಮ್ಮ ಗ್ರಾಹಕ

ವಿ.ಸೂ.: ಅವ್ವನ ಹೊಸ ಪಾಸ್‌ಪೋರ್ಟ್ ಬಂದಿದೆ, 2035ರವರೆಗೆ ಇದೆ. ಹಾಗಂತ 'ಮುಂದಿನ ಟ್ರಿಪ್ಪಿಗೆ ಡಿಸ್ಕೌಂಟ್ ಕೊಡ್ತೀವಿ ಸರ್' ಎಂದು ಸುಮ್ನೆ ಫೋನ್ ಮಾಡಬೇಡಿ.