ಜೇನು ಹಾಕಿದ ಮಾತ್ರಕ್ಕೆ ಸಕ್ಕರೆ ಬಿಟ್ಟಂತಲ್ಲ

ಸಂಪಾದಕರೇ,

ಮನೆಯಲ್ಲೇ ಚಾಕೊಲೇಟ್ ಚಿಪ್ ಕುಕೀಸ್ ಮಾಡುವ ವಿಧಾನ ಅಡುಗೆ ಪುಟಗಳಲ್ಲಿ ಆಗಾಗ ಬರುತ್ತದೆ. ಬರಲಿ, ಸಂತೋಷ. ಆದರೆ ಕೊನೆಗೊಂದು ಸಾಲು ಇರುತ್ತದೆ ನೋಡಿ, ‘ಸಕ್ಕರೆ ಬೇಡದವರು ಅಷ್ಟೇ ಅಳತೆಯ ಜೇನುತುಪ್ಪ ಹಾಕಬಹುದು’ ಅಂತ. ಆ ಸಾಲನ್ನು ನಂಬಿ ಕೆಟ್ಟವಳು ನಾನು.

ಒಂದು ಕಪ್ ಸಕ್ಕರೆಯ ಬದಲು ಒಂದು ಕಪ್ ಜೇನು ಸುರಿದೆ. ಉಳಿದದ್ದೆಲ್ಲ ಬರೆದ ಹಾಗೇ ಮಾಡಿದೆ. ಹತ್ತು ನಿಮಿಷ ಬಿಟ್ಟು ಓವನ್ ಗಾಜಿನಲ್ಲಿ ಇಣುಕಿದರೆ, 12 ಉಂಡೆ ಇಟ್ಟಿದ್ದ ಟ್ರೇಯಲ್ಲಿ ಒಂದೇ ಒಂದು ಕುಕೀ! ಎಲ್ಲವೂ ಹರಡಿ, ಒಂದಕ್ಕೊಂದು ಕೂಡಿಕೊಂಡು, ಅಂಚು ಕಪ್ಪಾಗಿ, ನಡುವೆ ಮಾತ್ರ ಇನ್ನೂ ಹಸಿ ಹಿಟ್ಟು. ಚಾಕುವಿನಲ್ಲಿ ಕೆರೆದು ತಿಂದೆವು ಅನ್ನಿ. ಅಷ್ಟು ಬೆಣ್ಣೆ, ಚಾಕೊಲೇಟ್ ಬಿಸಾಡೋಕೆ ಮನಸ್ಸು ಬರುತ್ತಾ?

ತಪ್ಪು ಓವನ್‌ನದ್ದಲ್ಲ. ಜೇನಿನಲ್ಲಿ ಹೆಚ್ಚುಕಡಿಮೆ ಶೇ 17–18ರಷ್ಟು ನೀರೇ ಇರುತ್ತದೆ, ಹಾಗಾಗಿ ಹಿಟ್ಟು ತೆಳ್ಳಗಾಗುತ್ತದೆ. ಸಕ್ಕರೆ ಹರಳು ಬೆಣ್ಣೆಯ ಜೊತೆ ಬೀಟ್ ಮಾಡುವಾಗ ಒಳಗೆ ಗಾಳಿ ಸೇರಿಸುತ್ತದೆ, ಜೇನಿಗೆ ಆ ಕೆಲಸ ಬರಲ್ಲ. ಜೇನಿನಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ಬೇರೆ ಬೇಗ ಕೆಂಪಾಗುತ್ತದೆ, ಒಳಗೆ ಬೇಯುವ ಮೊದಲೇ ಹೊರಗೆ ಸೀದಿರುತ್ತದೆ.

ಆಮೇಲೆ ನಾಲ್ಕೈದು ಸಲ ಮಾಡಿ ಕಲಿತದ್ದು ಇಷ್ಟು. ಒಂದು ಕಪ್ ಸಕ್ಕರೆಗೆ ಮುಕ್ಕಾಲು ಕಪ್ ಜೇನು ಧಾರಾಳ ಸಾಕು, ಸಿಹಿ ಕಡಿಮೆ ಅನ್ನಿಸಲ್ಲ. ಮೈದಾ ಎರಡು ಮೂರು ಚಮಚ ಜಾಸ್ತಿ. ಜೇನಿಗೆ ಸ್ವಲ್ಪ ಹುಳಿ ಗುಣ ಇದೆ, ಅದಕ್ಕೆ ಕಾಲು ಟೀ ಚಮಚ ಅಡುಗೆ ಸೋಡಾ. ಓವನ್ ಬಿಸಿ 175 ಡಿಗ್ರಿ ಅಂದ ಕಡೆ 160. ಮುಖ್ಯವಾಗಿ, ಹಿಟ್ಟನ್ನು ಒಂದು ಗಂಟೆಯಾದರೂ ಫ್ರಿಜ್‌ನಲ್ಲಿಡಿ, ಬೆಣ್ಣೆ ಗಟ್ಟಿಯಾದರೆ ಕುಕೀ ಅಷ್ಟು ಹರಡಲ್ಲ. ಅಂಚು ಹೊಂಬಣ್ಣಕ್ಕೆ ಬಂದು ನಡು ಮೆತ್ತಗಿರುವಾಗಲೇ ಹೊರಗೆ ತೆಗೆದು, ಬಿಸಿ ಟ್ರೇ ಮೇಲೆ ಐದು ನಿಮಿಷ ಮುಟ್ಟದೆ ಬಿಡಿ. ಇಷ್ಟು ಮಾಡಿದರೂ ಕರಕರ ಕುಕೀ ಆಗಲ್ಲ, ಇದನ್ನು ಯಾರೂ ಬರೆಯುವುದೇ ಇಲ್ಲ. ಜೇನು ತೇವ ಎಳೆದುಕೊಳ್ಳುತ್ತದೆ, ಮರುದಿನಕ್ಕೆ ಇನ್ನೂ ಮೆತ್ತಗೆ. ನನಗೆ ಅದೇ ಇಷ್ಟ. ಕರಕರ ಕುಕೀ ಬೇಕಾದವರು ಸಕ್ಕರೆಯನ್ನೇ ಹಾಕಲಿ.

ಇನ್ನು ಇಂಥ ಜೇನಿನ ಕುಕೀಗೆ ಕೊಡುವ ‘ಸಕ್ಕರೆರಹಿತ’ ಅನ್ನುವ ತಲೆಬರಹ. ವಿಶ್ವ ಆರೋಗ್ಯ ಸಂಸ್ಥೆ ಜೇನನ್ನೂ ನಾವು ಮಿತಿಯಲ್ಲಿ ತಿನ್ನಬೇಕಾದ ಸಕ್ಕರೆಗಳ ಜೊತೆಗೇ ಲೆಕ್ಕ ಹಾಕುತ್ತದೆ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 64 ಕ್ಯಾಲೊರಿ, ಅಷ್ಟೇ ಸಕ್ಕರೆಯಲ್ಲಿ ಸುಮಾರು 49. ಜೇನು ತೂಕ ಜಾಸ್ತಿ, ಅಷ್ಟೇ. ಚಾಕೊಲೇಟ್ ಚಿಪ್ಸ್‌ನಲ್ಲಿರುವ ಸಕ್ಕರೆಯಂತೂ ಎಲ್ಲೂ ಹೋಗಿರಲ್ಲ, ಅಲ್ವಾ? ರುಚಿಗೆ, ಘಮಕ್ಕೆ ಜೇನು ಹಾಕಿ ಅನ್ನಿ, ಒಪ್ಪುತ್ತೇನೆ. ಸಕ್ಕರೆ ಕಾಯಿಲೆ ಇರುವವರು ಆ ತಲೆಬರಹ ನೋಡಿ ನಾಲ್ಕು ಜಾಸ್ತಿ ತಿಂದರೆ?

ಒಂದು ವರ್ಷ ತುಂಬದ ಮಗುವಿಗೆ ಜೇನು ಹಾಕಿದ ಕುಕೀಯ ಒಂದು ಚೂರೂ ಬೇಡ, ಇದನ್ನು ದಪ್ಪ ಅಕ್ಷರದಲ್ಲೇ ಹಾಕಿ. ಜೇನಿನಲ್ಲಿ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಕುಕೀ ಬೇಯುವ ಬಿಸಿಗೆ ಅವು ಸಾಯುವುದಿಲ್ಲ.

ಮುಂದಿನ ಸಲ ‘ಅಷ್ಟೇ ಅಳತೆ’ ತೆಗೆದು ‘ಮುಕ್ಕಾಲು ಕಪ್’ ಅಂತ ಮಾಡಿ. ಜಾಗ ಉಳಿದರೆ ಇದನ್ನೂ ಸೇರಿಸಿ: ಅಳತೆ ಕಪ್ಪಿಗೆ ಮೊದಲು ಒಂದು ಹನಿ ಎಣ್ಣೆ ಸವರಿದರೆ ಜೇನು ಅಂಟದೆ ಪೂರ್ತಿ ಜಾರಿ ಬೀಳುತ್ತದೆ.

— ನಿಮ್ಮ ಓದುಗಳು